ಆರನೆಯ ಹೆಜ್ಜೆ ಬಿಟ್ಟರೆ ಕೂಟ ನಿಲ್ಲುವುದಿಲ್ಲ

ಫಾದರ್, ಒಬ್ಬಂಟಿ ಭಕ್ತಿ ಬೇಗ ಒಣಗುತ್ತದೆ ಎಂದು ಬರೆದಿದ್ದೀರಿ. ನಿಜ. ಅದಕ್ಕೆ ನೀರು ಸಿಗುವುದು ಅಕ್ಕಪಕ್ಕದ ಹತ್ತು-ಹದಿನೈದು ಮನೆಯವರು ಸೇರಿ ಬೈಬಲ್ ಓದುವ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ.

ದಕ್ಷಿಣ ಆಫ್ರಿಕಾದ ಲುಮ್ಕೊ ಎಂಬ ಕ್ಯಾಥೊಲಿಕ್ ಸಂಸ್ಥೆಯಿಂದ ಬಂದ ಏಳು ಹೆಜ್ಜೆಗಳ ಬೈಬಲ್ ಹಂಚಿಕೆಯ ಕ್ರಮ ಇಲ್ಲಿಗೂ ಒಗ್ಗುತ್ತದೆ: ಪ್ರಭುವನ್ನು ಕರೆಯುವುದು, ಓದು, ಮನಸ್ಸಿಗೆ ತಾಗಿದ ಮಾತನ್ನು ಮತ್ತೆ ಮತ್ತೆ ಹೇಳುವುದು, ಮೌನ, ಹಂಚಿಕೆ, ಮಾಡಬೇಕಾದ ಕೆಲಸ, ಪ್ರಾರ್ಥನೆ. ಕೆಡುವುದು ಎರಡು ಕಡೆ. ಹಂಚಿಕೆಯಲ್ಲಿ ಒಬ್ಬರೇ ಪ್ರವಚನಕ್ಕೆ ಇಳಿಯುತ್ತಾರೆ. ತಲೆಗೆ ಎರಡು ನಿಮಿಷ, 'ನಾವು' ಬೇಡ, 'ನಾನು' ಎಂದೇ ಮಾತಾಡಲಿ. ಇನ್ನೊಂದು ಆರನೆಯ ಹೆಜ್ಜೆ, ಅಂದರೆ ಮಾಡಬೇಕಾದ ಕೆಲಸ. ಚಹಾ ಬಂದೊಡನೆ ಅದು ಹಾರಿಹೋಗುತ್ತದೆ. ಹಾಸಿಗೆ ಹಿಡಿದ ಅಜ್ಜಿಗೆ ಗುರುವಾರ ಗಂಜಿ ಒಯ್ಯುವವರು ಯಾರು ಎಂದು ಹೆಸರು ಸಮೇತ ವಹಿಯಲ್ಲಿ ಬರೆಯಬೇಕು, ಮುಂದಿನ ಕೂಟ ಆ ಪುಟದಿಂದಲೇ ಶುರುವಾಗಬೇಕು. ತಿಂಡಿಯೂ ಚಹಾ-ಬಿಸ್ಕತ್ತಿಗೆ ನಿಲ್ಲಲಿ, ಇಲ್ಲದಿದ್ದರೆ ಬಡವರು ತಮ್ಮ ಮನೆಗೆ ಕೂಟ ಕರೆಯಲು ಹಿಂಜರಿಯುತ್ತಾರೆ.

ಕಾರವಾರದ ಬೈತಖೋಲದಂಥ ಮೀನುಗಾರರ ಕಡೆ ಕೂಟದ ವೇಳೆ ಗೊತ್ತುಮಾಡುವಾಗ ದೋಣಿ ಕಡಲಿಗೆ ಹೋಗುವ ಕಾಲ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಗಂಡಸರು ಸಂಜೆ ಸಿಗುತ್ತಾರೆ. ಹೊಸ ಕೂಟ ಕಟ್ಟಲು ಅದೇ ಹದ.