ಕಾಮಿಕ್ಸ್‌ನಲ್ಲಿ ಹಿಂದಿನ ಲೇಖಕರು ಬಿಟ್ಟ ಕಥೆಯನ್ನು ಹೊಸ ಲೇಖಕರು ಮುಂದುವರಿಸಲೇಬೇಕಾ?

ಪರ

ಖಂಡಿತ ಮುಂದುವರಿಸಬೇಕು. 2006ರಲ್ಲಿ ಲೇಖಕ ಬ್ರಯನ್ ಮೈಕಲ್ ಬೆಂಡಿಸ್ ಡೇರ್‌ಡೆವಿಲ್ ಕಾಮಿಕ್ಸ್ ಬಿಟ್ಟು ಹೊರಟಾಗ ಕಥೆ ಎಲ್ಲಿ ನಿಂತಿತ್ತು ಗೊತ್ತಾ? ಕುರುಡು ವಕೀಲ ಮ್ಯಾಟ್ ಮರ್ಡಾಕ್ ಜೈಲಿನಲ್ಲಿದ್ದ. ಡೇರ್‌ಡೆವಿಲ್ ಎಂಬ ಹೀರೋನ ಮುಖವಾಡದ ಹಿಂದೆ ಇರುವುದು ಅವನೇ ಎಂದು ಪತ್ರಿಕೆಯಲ್ಲಿ ಬಂದು ವರ್ಷಗಳೇ ಆಗಿದ್ದವು. ಹೊಸದಾಗಿ ಬಂದ ಎಡ್ ಬ್ರೂಬೇಕರ್ ಮೊದಲ ಸಂಚಿಕೆಯಲ್ಲೇ ಅವನನ್ನು ಬಿಡಿಸಿ, ಏನೂ ಆಗಿಲ್ಲ ಎನ್ನುವ ಹಾಗೆ ಶುರು ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅದೇ ಜೈಲಿನಲ್ಲಿ ಅವನ ಶತ್ರು, ಅಪರಾಧ ಲೋಕದ ದೊರೆ ಕಿಂಗ್‌ಪಿನ್ ಇದ್ದ, ಮ್ಯಾಟ್‌ನನ್ನು ಕೊಲ್ಲಲು ಕಾಯುವ ಕೈದಿಗಳಿದ್ದರು, ಅವರ ನಡುವೆ ಅವನನ್ನು ಅಲ್ಲೇ ಬಿಟ್ಟು ಬರೆದರು. ಬೆಂಡಿಸ್ ಒಬ್ಬರೇ ಬರೆದಿದ್ದರೂ ಬ್ರೂಬೇಕರ್ ಒಬ್ಬರೇ ಬರೆದಿದ್ದರೂ ಅಂಥ ಕಥೆ ಬರುತ್ತಿರಲಿಲ್ಲ.

ಹಲವರು ಒಟ್ಟಿಗೆ ಬರೆಯುವಾಗಲೂ ಇದೇ ಮಾತು. 1991ರಿಂದ ಸೂಪರ್‌ಮ್ಯಾನ್ ಸಂಚಿಕೆಗಳ ಮುಖಪುಟದಲ್ಲಿ ಪುಟ್ಟ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತಿತ್ತು. ಬೇರೆ ಬೇರೆ ಲೇಖಕರ ಮಾಸಿಕಗಳನ್ನು ಯಾವ ಕ್ರಮದಲ್ಲಿ ಓದಬೇಕು ಎಂದು ಅದು ಹೇಳುತ್ತಿತ್ತು. ಎಲ್ಲರೂ ಸಂಪಾದಕರ ಜೊತೆ ಕೂತು ಮುಂದಿನ ಕಥೆಯನ್ನು ಮೊದಲೇ ಮಾತಾಡಿಕೊಳ್ಳುತ್ತಿದ್ದರು. 1992ರಲ್ಲಿ ಸೂಪರ್‌ಮ್ಯಾನ್ ಸತ್ತಾಗ ಆ ಸಾವಿಗೆ ಅಷ್ಟು ತೂಕ ಬಂದಿದ್ದು ಎಲ್ಲ ಪುಸ್ತಕಗಳೂ ಒಟ್ಟಿಗೆ ಅತ್ತಿದ್ದರಿಂದ.

ಓದುಗರು ತಿಂಗಳು ತಿಂಗಳು ದುಡ್ಡು ಕೊಟ್ಟು ಕಾದಿರುತ್ತಾರೆ. ಲೇಖಕರು ಬದಲಾದರು ಎಂದು ಆ ಕಾಯುವಿಕೆಯನ್ನು ಸುಮ್ನೆ ಬಿಸಾಕುವುದು ನ್ಯಾಯವಲ್ಲ.

ವಿರೋಧ

ಬೇಕಾಗಿಲ್ಲ. ಡೇರ್‌ಡೆವಿಲ್ ಉದಾಹರಣೆಯನ್ನೇ ಇನ್ನೂ ಸ್ವಲ್ಪ ಮುಂದಕ್ಕೆ ನೋಡಿ. 2009ರಲ್ಲಿ ಬ್ರೂಬೇಕರ್ ಬಿಡುವಾಗ ಮ್ಯಾಟ್‌ನನ್ನು ಹ್ಯಾಂಡ್ ಎಂಬ ನಿಂಜಾ ಪಡೆಯ ನಾಯಕನನ್ನಾಗಿ ಮಾಡಿ ಹೋದರು. ಮುಂದೆ ಬಂದ ಆ್ಯಂಡಿ ಡಿಗಲ್ ಅದನ್ನು ನಿಯತ್ತಾಗಿ ಮುಂದುವರಿಸಿದರು. 2010ರ ಹೊತ್ತಿಗೆ ನಾಯಕನ ಮೈಮೇಲೆ ದೆವ್ವವೇ ಬಂದಿತ್ತು! ಪ್ರತಿಯೊಬ್ಬರೂ ಹಿಂದಿನವರಿಗಿಂತ ದೊಡ್ಡ ಕಷ್ಟ ತಂದಿಡಬೇಕು ಎಂದು ಹೊರಟರೆ ಮನುಷ್ಯ ಕಳೆದುಹೋಗಿ ಬರೀ ಕಷ್ಟ ಉಳಿಯುತ್ತದೆ, ಅಲ್ವಾ?

ಹಂಚಿಕೊಂಡು ಬರೆಯುವುದಂತೂ ಇನ್ನೂ ಅಪಾಯ. 1994ರಲ್ಲಿ ಶುರುವಾದ ಸ್ಪೈಡರ್‌ಮ್ಯಾನ್ ಕ್ಲೋನ್ (ತದ್ರೂಪಿ) ಕಥೆಯನ್ನು ಹಲವು ಮಾಸಿಕಗಳಲ್ಲಿ ಹಲವರು ಸೇರಿ ಎಳೆದರು. ಸ್ಪೈಡರ್‌ಮ್ಯಾನ್ ಆಗಿದ್ದ ಪೀಟರ್ ಪಾರ್ಕರ್ ನಿಜವಾದವನಲ್ಲ, ಅವನೇ ಕ್ಲೋನ್ ಎಂದರು. 1996ರಲ್ಲಿ ಅದನ್ನೂ ಸುಳ್ಳು ಮಾಡಿದರು. ವರ್ಷಗಟ್ಟಲೆ ಅವನನ್ನು ಪ್ರೀತಿಸಿದ ಓದುಗರು ಆ ಎರಡು ವರ್ಷ ಯಾರ ಕಥೆ ಓದಿದ ಹಾಗಾಯಿತು?

ಈಗ ಲೇಖಕ ಆ್ಯಲನ್ ಮೂರ್ ಮಾಡಿದ್ದನ್ನು ನೋಡಿ. 1984ರಲ್ಲಿ, ಜೌಗು ನೆಲದಲ್ಲಿ ಬದುಕುವ ಗಿಡದ ಮೈಯ ಜೀವಿಯೊಂದರ ಕಥೆಯಾದ ಸ್ವಾಂಪ್ ಥಿಂಗ್ ಕೈಗೆ ಬಂದಾಗ ಹಳೆಯ ಎಳೆಗಳನ್ನು ಒಂದೇ ಸಂಚಿಕೆಯಲ್ಲಿ ಮುಗಿಸಿದರು. ಮುಂದಿನದರಲ್ಲಿ ಬುಡವನ್ನೇ ಬದಲಿಸಿದರು. ಆ ಜೀವಿ ಗಿಡವಾಗಿ ಬದಲಾದ ವಿಜ್ಞಾನಿ ಅಲ್ಲ, ತಾನು ಆ ವಿಜ್ಞಾನಿ ಎಂದು ನಂಬಿಕೊಂಡ ಗಿಡ, ಅವನು ಯಾವತ್ತೋ ಸತ್ತಿದ್ದ. ಮುಂದುವರಿಸಲೇಬೇಕು ಎಂಬ ನಿಯಮ ಇದ್ದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ.

ಡೇರ್‌ಡೆವಿಲ್‌ಗೂ ಕೊನೆಗೆ ಅದೇ ಬೇಕಾಯಿತು. 2011ರಲ್ಲಿ ಬಂದ ಮಾರ್ಕ್ ವೇಡ್ ಹಳೆಯದನ್ನು ಅಳಿಸಲಿಲ್ಲ, ಆದರೆ ಆ ಕತ್ತಲನ್ನು ಮುಂದಕ್ಕೆ ಹೊರಲೂ ಇಲ್ಲ. ಮ್ಯಾಟ್ ನಗುತ್ತಾ ಕಟ್ಟಡದಿಂದ ಕಟ್ಟಡಕ್ಕೆ ಹಾರಿದ. ಮರುವರ್ಷ ಆ ಸರಣಿಗೆ ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿಯಾದ ಐಸ್ನರ್ ಬಂತು.