ಕುಂಬ್ಳೆಯ ಚೆಂಡು ತಿರುಗದಿದ್ದರೆ ಏನಂತೆ?

ಕೇರಳ ಸರ್ಕಾರಿ ನೌಕರಿಯ ಪಿಎಸ್‌ಸಿ ಪರೀಕ್ಷೆಯೋ ಇಂಟರ್‌ವ್ಯೂವೋ ಹತ್ತಿರ ಬಂದರೆ ಸಾಕು, ನಮ್ಮ ಕಾಸರಗೋಡಿನ ಮನೆಗಳಲ್ಲಿ ಉಪದೇಶ ಶುರು. ‘ನಿನ್ನ ಮಲಯಾಳಂ ಸಾಲದು.’ ‘ಇಂಗ್ಲಿಷ್‌ನಲ್ಲಿ ತಡವರಿಸಬೇಡ.’ ‘ಗಣಿತ ನೋಡು, ಅದರಲ್ಲಿ ನೀನು ವೀಕ್.’ ಹೇಳುವವರು ಒಳ್ಳೆಯದಕ್ಕೇ ಹೇಳುತ್ತಾರೆ. ಆದರೆ ಇದನ್ನೆಲ್ಲ ಕೇಳಿಸಿಕೊಂಡು ಹಾಲ್‌ಗೆ ಹೋದ ಹುಡುಗಿಯ ತಲೆಯಲ್ಲಿ ತನಗೆ ಬಾರದ್ದರ ಪಟ್ಟಿ ಮಾತ್ರ ಇರುತ್ತದೆ. ಬರುವುದೇನು ಅನ್ನುವುದು ಮರೆತೇ ಹೋಗಿರುತ್ತದೆ.

ಕೊರತೆ ತುಂಬಿಸಿಕೊಳ್ಳಲು ವರ್ಷವಿಡೀ ಇದೆ. ಒತ್ತಡದ ದಿನ ಮಾತ್ರ ಕೈಯಲ್ಲಿರುವುದನ್ನೇ ನಂಬಬೇಕು. ನನ್ನ ಅಭಿಪ್ರಾಯ ಇಷ್ಟೇ.

ಇದಕ್ಕೆ ನನ್ನ ಸಾಕ್ಷಿ ಭಾರತದ ಲೆಗ್ ಸ್ಪಿನ್ನರ್ ಆಗಿದ್ದ ಅನಿಲ್ ಕುಂಬ್ಳೆ. ಹುಟ್ಟಿದ್ದು ಬೆಂಗಳೂರಿನಲ್ಲಿ, ಒಪ್ಪಿದೆ. ಆದರೆ ಹೆಸರಿನಲ್ಲಿ ನಮ್ಮ ಜಿಲ್ಲೆಯ ಕುಂಬಳೆ ಊರು ಇದೆಯಲ್ಲ, ಹಾಗಾಗಿ ನಾವು ಸ್ವಲ್ಪ ಜಾಸ್ತಿಯೇ ಹಕ್ಕು ಚಲಾಯಿಸುತ್ತೇವೆ. ಈ ಮನುಷ್ಯನ ಚೆಂಡು ತಿರುಗುವುದಿಲ್ಲ ಅಂತ ಜನ ವರ್ಷಗಟ್ಟಲೆ ಆಡಿಕೊಂಡರು. ಅತ್ತ ಆಸ್ಟ್ರೇಲಿಯಾದ ಶೇನ್ ವಾರ್ನ್ ಚೆಂಡನ್ನು ಗೇಣುಗಟ್ಟಲೆ ತಿರುಗಿಸುತ್ತಿದ್ದ ಕಾಲ ಅದು. ಹೋಲಿಸದೆ ಬಿಡುತ್ತಾರಾ?

1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಶಾ ಕೋಟ್ಲಾ. ಹಿಂದಿನ ವಾರವಷ್ಟೇ ಚೆನ್ನೈ ಟೆಸ್ಟ್‌ನಲ್ಲಿ ಪಾಕಿಸ್ತಾನದ ಎದುರು ಭಾರತ 12 ರನ್‌ಗಳಿಂದ ಸೋತಿತ್ತು. ಇಲ್ಲಿ ಪಾಕಿಸ್ತಾನಕ್ಕೆ 420 ರನ್‌ಗಳ ಗುರಿ. ಸಯೀದ್ ಅನ್ವರ್, ಶಾಹಿದ್ ಅಫ್ರಿದಿ ಇಬ್ಬರೇ ಸೇರಿ 101 ರನ್ ಹೊಡೆದಿದ್ದರು. ಊಟದ ನಂತರ ಕುಂಬ್ಳೆ ಪೆವಿಲಿಯನ್ ತುದಿಗೆ ಬಂದರು. ಅಫ್ರಿದಿ ಕೀಪರ್‌ಗೆ ಕ್ಯಾಚ್. ಮರು ಎಸೆತಕ್ಕೇ ಇಜಾಜ್ ಅಹ್ಮದ್ ಎಲ್‌ಬಿಡಬ್ಲ್ಯೂ. ಆಮೇಲೆ ಒಬ್ಬರ ಹಿಂದೆ ಒಬ್ಬರು. 207ಕ್ಕೆ ಎಲ್ಲ ಮುಗಿಯಿತು. 74 ರನ್‌ಗೆ ಹತ್ತಕ್ಕೆ ಹತ್ತೂ ವಿಕೆಟ್. ಇಂಗ್ಲೆಂಡ್‌ನ ಜಿಮ್ ಲೇಕರ್ ಬಿಟ್ಟರೆ ಟೆಸ್ಟ್‌ನಲ್ಲಿ ಅಲ್ಲಿವರೆಗೆ ಯಾರೂ ಮಾಡದ್ದು. (ಹತ್ತನೆಯದು ತನಗೆ ಬೀಳದಿರಲಿ ಅಂತ ಶ್ರೀನಾಥ್ ಬೇಕೆಂದೇ ಸ್ಟಂಪ್‌ನಿಂದ ದೂರ ಹಾಕಿದರಲ್ಲ, ಆ ಓವರ್ ನೆನೆದರೆ ನನಗೆ ಈಗಲೂ ನಗು ಬರುತ್ತದೆ.)

ಆ ಸ್ಕೋರ್‌ಕಾರ್ಡ್ ಒಮ್ಮೆ ತೆಗೆದು ನೋಡಿ. ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯೂ, ಅಂದರೆ ಸ್ಟಂಪ್‌ಗೆ ಹೋಗುವ ಚೆಂಡು ಕಾಲಿಗೆ ಬಡಿದು ಔಟ್. ಎರಡು ಬೌಲ್ಡ್. ಸ್ಟಂಪ್‌ನ ನೇರಕ್ಕೆ ಬಂದ ಚೆಂಡಿಗೇ ಅರ್ಧ ತಂಡ ಹೋಗಿದೆ. ಪಿಚ್‌ನಲ್ಲಿ ಚೆಂಡು ಒಮ್ಮೆ ಏಳುತ್ತಿತ್ತು, ಒಮ್ಮೆ ಕೂರುತ್ತಿತ್ತು. ಅಂಥ ಕಡೆ ಎತ್ತರದ ಆಳೊಬ್ಬ ವೇಗವಾಗಿ, ಗುರಿ ತಪ್ಪದೆ ಹಾಕುತ್ತಿದ್ದರೆ ತಿರುಗಿಸುವ ಅಗತ್ಯವಾದರೂ ಏನು? ಅವತ್ತು ಅವರು ವಾರ್ನ್ ಆಗಲು ಹೊರಟಿದ್ದರೆ ಪಂದ್ಯ ಏನಾಗುತ್ತಿತ್ತೋ.

ಹಾಗಂತ ನಮ್ಮ ಬಲ ಯಾವುದು ಅನ್ನುವುದನ್ನು ಊರವರ ಚಪ್ಪಾಳೆ ಕೇಳಿ ತೀರ್ಮಾನಿಸುವುದೂ ಬೇಡ. ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಅವರನ್ನೇ ನೋಡಿ (ಭಾರತದ ಮಾಜಿ ನಾಯಕರಲ್ಲ, ಕೇರಳ ತಂಡದವರು). 2021ರ ಜನವರಿಯಲ್ಲಿ ಮುಂಬೈ ವಿರುದ್ಧದ ಟಿ20 ಪಂದ್ಯದಲ್ಲಿ 54 ಎಸೆತಕ್ಕೆ 137 ರನ್. ಅಂದಿನಿಂದ ‘ಹೊಡಿಬಡಿ ಹುಡುಗ’ ಅಂತಲೇ ಎಲ್ಲರ ಲೆಕ್ಕ. 2025ರ ಫೆಬ್ರವರಿಯಲ್ಲಿ ಅಹಮದಾಬಾದ್‌ನಲ್ಲಿ ಗುಜರಾತ್ ವಿರುದ್ಧ ರಣಜಿ ಸೆಮಿಫೈನಲ್. ಅದೇ ಮನುಷ್ಯ 341 ಎಸೆತ ಆಡಿ 177 ಹೊಡೆದು ಔಟಾಗದೆ ಉಳಿದರು. ಕೇರಳ 457, ಗುಜರಾತ್ 455. ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸ್‌ನ ಆ ಎರಡೇ ರನ್ ಮುನ್ನಡೆಯಲ್ಲಿ ಕೇರಳ ಮೊದಲ ಸಲ ಫೈನಲ್‌ಗೆ ಹೋಯಿತು. ಅಷ್ಟು ತಾಳ್ಮೆ ರಾತ್ರೋರಾತ್ರಿ ಹುಟ್ಟುವಂಥದ್ದಲ್ಲ. ಅವರಲ್ಲಿ ಇತ್ತು, ನಾವು ನೋಡಿರಲಿಲ್ಲ ಅಷ್ಟೆ.

ಯಕ್ಷಗಾನವನ್ನು ಕೂತು ಮಾತಲ್ಲೇ ಆಡುವ ತಾಳಮದ್ದಳೆಯಲ್ಲೂ ಇದೇ ಕಥೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ ಹಾಡಿ ಮುಗಿಸಿದರೆ ಪಾತ್ರಧಾರಿ ಆ ಕ್ಷಣವೇ ಅರ್ಥ, ಅಂದರೆ ಪಾತ್ರದ ಮಾತು, ಹೇಳಲೇಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಧಾಟಿ ಎರವಲು ತಂದವರು ನಾಲ್ಕು ಮಾತಿಗೇ ಬರಿದಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಇತ್ತೀಚೆಗೆ ಒಂದು ಮನೆಯ ಕೂಟದಲ್ಲಿ ಅಂಗದ ಸಂಧಾನ, ವಾಲಿಯ ಮಗ ಅಂಗದ ರಾಮನ ದೂತನಾಗಿ ರಾವಣನ ಬಳಿಗೆ ಬರುವ ಪ್ರಸಂಗ. ಅಂಗದ ಹೊಸ ಹುಡುಗ, ಶ್ಲೋಕ ಗೀಕ ಬಾರದು. ರಾವಣ ಪಳಗಿದ ಅರ್ಥಧಾರಿ. ‘ತಂದೆಯನ್ನು ಕೊಂದವನಿಗೇ ದೂತನಾಗಿ ಬಂದೆಯಲ್ಲ, ನಾಚಿಕೆಯಾಗುವುದಿಲ್ಲವೇ?’ ಅಂತ ಗದರಿದರು. ಹುಡುಗ ಸ್ವಲ್ಪವೂ ಸ್ವರ ಏರಿಸಲಿಲ್ಲ. ‘ಕದ್ದು ತಂದವರ ಬಾಯಲ್ಲಿ ನಾಚಿಕೆಯ ಪಾಠವೇ?’ ಅಂದ. ಸಭೆಯ ಜೊತೆ ರಾವಣನೂ ನಕ್ಕ. ಅವನಿಗೆ ಪಾಂಡಿತ್ಯ ಇರಲಿಲ್ಲ, ಚುರುಕು ನಾಲಿಗೆ ಇತ್ತು. ಅದನ್ನೇ ಬಳಸಿದ.

ನಮ್ಮ ಮಕ್ಕಳ ಬಲ ಯಾವುದು ಹಾಗಾದರೆ? ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳಂ. ಇಷ್ಟು ಭಾಷೆಗಳ ನಡುವೆ ಬೆಳೆದವರು ಇಂಟರ್‌ವ್ಯೂನಲ್ಲಿ ‘ನನ್ನ ಮಲಯಾಳಂ ಸ್ವಲ್ಪ ಕಷ್ಟ ಸಾರ್’ ಅಂತ ಕ್ಷಮೆ ಕೇಳಿಯೇ ಮಾತು ಶುರುಮಾಡುತ್ತಾರೆ. ಎಂತಕ್ಕೆ ಮಾರಾಯ್ರೇ? ಕನ್ನಡ, ಮಲಯಾಳಂ ಎರಡೂ ಗೊತ್ತಿರುವವರೇ ಬೇಕು ಅಂತ ಈ ಜಿಲ್ಲೆಯ ಕ್ಲರ್ಕ್ ಹುದ್ದೆಗೆ ಪಿಎಸ್‌ಸಿ ಬೇರೆಯೇ ಅರ್ಜಿ ಕರೆಯುತ್ತದೆ. ಅದರಿಂದಲೇ ಮಾತು ಶುರುಮಾಡಬಹುದಲ್ವಾ?

ಮಲಯಾಳಂ ಕಲಿಯುವುದು ಬೇಡ ಅಂತ ನಾನು ಹೇಳಿದೆ ಎಂದು ಯಾರೂ ಜಗಳಕ್ಕೆ ಬರಬೇಡಿ. ಕಲಿಯಲೇಬೇಕು, ಇಲ್ಲಿ ಅದಿಲ್ಲದೆ ಬದುಕು ಕಷ್ಟ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ನೆನಪಿಸಬೇಡಿ ಅಂತಷ್ಟೇ ಹೇಳಿದ್ದು. ಮೊನ್ನೆ ಪಕ್ಕದ ಮನೆಯ ಹುಡುಗಿ ‘ಮಾವ, ಇನ್ನು ಎಂತ ಓದುದು?’ ಅಂತ ಕೇಳಿದಳು. ಹೊಸದು ಎಂತದೂ ಬೇಡ, ಗೊತ್ತಿರುವುದನ್ನೇ ಇನ್ನೊಮ್ಮೆ ತಿರುವಿಹಾಕಿ ಮಲಗು ಅಂದೆ. ಅವಳ ಅಮ್ಮನಿಗೆ ಸಿಟ್ಟು ಬಂದಿದೆ. ಇರಲಿ ಅಕ್ಕಾ, ರಿಸಲ್ಟ್ ಬಂದ ಮೇಲೆ ಬೈಯಿರಿ.