ಪುಡಿಯಾದ ಕಲ್ಲಿನ ಲೆಕ್ಕ ಎಲ್ಲಿದೆ?

ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬರು ಆ ಸುದ್ದಿ ಕಳಿಸುತ್ತಾರೆ. "ಕ್ಯಾನ್ಸರ್‌ಗೆ ಹೊಸ ಔಷಧಿ, ಇಲಿಗಳಲ್ಲಿ ಗಡ್ಡೆ ಮಾಯ." ಮೊದಲೆಲ್ಲ ನಾನೂ ಹಿಂದೆಮುಂದೆ ನೋಡದೆ ಹಂಚುತ್ತಿದ್ದೆ. ಗಣಿಯವರ ಪ್ರಯೋಗಗಳ ಬಗ್ಗೆ ಓದಿದ ಮೇಲೆ ತಲೆಗೆ ಒಂದು ಹುಳ ಹೊಕ್ಕಿತು. ಅಂದಿನಿಂದ ಕೈ ತಡೆಯುತ್ತದೆ.

ಕಲ್ಲಿದ್ದಲು ಗಣಿಯ ಒಳಗೆ ಸಿಕ್ಕಿದ್ದನ್ನೆಲ್ಲ ಅಗೆದು ತೆಗೆಯುವ ಹಾಗಿಲ್ಲ. ಮೇಲಿನ ಭಾರ ಹೊರಲು ಅಲ್ಲಲ್ಲಿ ಕಲ್ಲಿದ್ದಲಿನದೇ ಕಂಬ ಬಿಡಬೇಕು. ದಪ್ಪ ಬಿಟ್ಟರೆ ಮಾಲು ಹೋಯಿತು, ತೆಳ್ಳಗೆ ಬಿಟ್ಟರೆ ಜೀವ ಹೋಯಿತು. ಹಾಗಾದರೆ ಎಷ್ಟು ಬಿಡೋದು? ಒಂದು ತುಂಡು ಕೊರೆದು ತಂದು, ಯಂತ್ರದಲ್ಲಿ ಇಟ್ಟು ಒತ್ತಿ, ಎಷ್ಟು ಭಾರಕ್ಕೆ ಒಡೆಯಿತು ಅಂತ ಬರೆದುಕೊಳ್ಳೋದು ಸುಲಭ. ಆದರೆ ಒಳಗೆ ಬಿರುಕಿದ್ದ ತುಂಡು ಕೊರೆಯುವಾಗಲೇ ಕೈಯಲ್ಲಿ ಪುಡಿಯಾಗುತ್ತದೆ. ಯಂತ್ರದವರೆಗೆ ಬಂದು ಮುಟ್ಟೋದು ಗಟ್ಟಿ ತುಂಡು. ವರದಿಯಲ್ಲಿ ಬರೋದು ಅದರ ಅಂಕಿ. ಪುಡಿಯನ್ನು ಗುಡಿಸಿ ಹಾಕುತ್ತಾರೆ, ಅಷ್ಟೇ.

1960ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿಯಲ್ಲಿ ಕಂಬಗಳು ಒಂದರ ಹಿಂದೆ ಒಂದು ಕುಸಿದವು. 400ಕ್ಕೂ ಜಾಸ್ತಿ ಜನ ಒಳಗೇ ಉಳಿದರು. ಆಮೇಲೆ ಅಲ್ಲಿನ ಸಂಶೋಧಕರು ಕೆಲಸದ ರೀತಿಯನ್ನೇ ಬದಲಾಯಿಸಿದರು. ಬಿನ್ಯಾವ್ಸ್ಕಿ ಎಂಬುವರು ಯಂತ್ರವನ್ನೇ ಗಣಿಯೊಳಗೆ ಇಳಿಸಿದರು. ಕಲ್ಲಿದ್ದಲನ್ನು ಇದ್ದಲ್ಲೇ ಚೌಕವಾಗಿ ಕಡಿದು, ಬುಡ ಬಿಡಿಸದೆ, ಮೇಲೆ ಜಾಕ್‌ಗಳನ್ನಿಟ್ಟು ಒತ್ತಿದರು. ತುಂಡು ದೊಡ್ಡದಾದಷ್ಟೂ ಬಲ ಇಳಿಯುತ್ತಾ ಹೋಯಿತು. ಸುಮಾರು ಒಂದೂವರೆ ಮೀಟರ್ ಅಗಲಕ್ಕೆ ಬಂದಾಗ ಇಳಿಯೋದು ನಿಂತಿತು. ಸಾಲಮನ್ ಮತ್ತು ಮನ್ರೋ ಅವರದು ಇನ್ನೊಂದು ದಾರಿ. 1967ರಲ್ಲಿ ಅವರು ಗಣಿಗಳಲ್ಲಿ ನಿಂತಿದ್ದ ಕಂಬಗಳ 98 ಪ್ರಕರಣಗಳ ಜೊತೆಗೆ ಕುಸಿದಿದ್ದ 27 ಪ್ರಕರಣಗಳನ್ನೂ ಇಟ್ಟುಕೊಂಡು ಕಂಬದ ಬಲ ಲೆಕ್ಕ ಹಾಕುವ ಸೂತ್ರ ಕಟ್ಟಿದರು. ನನಗೆ ಆ 27ರ ಮೇಲೆ ಬಹಳ ಗೌರವ.

ಈಗ ಕ್ಯಾನ್ಸರ್ ಕಡೆ ಬನ್ನಿ. ರೋಗಿಯ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಗೆ ಹಾಕಿದರೆ ಹೆಚ್ಚಿನವು ಸತ್ತೇ ಹೋಗುತ್ತವೆ. ಎಲ್ಲೋ ಕೆಲವು ಅಲ್ಲೇ ಬೇರೂರಿ ಬೆಳೆಯುತ್ತವೆ. ಅವನ್ನೇ ವರ್ಷಗಟ್ಟಲೆ ಬೆಳೆಸಿ ಲ್ಯಾಬಿನಿಂದ ಲ್ಯಾಬಿಗೆ ಕಳಿಸುತ್ತಾರೆ, ಔಷಧಿಗಳನ್ನು ಅವುಗಳ ಮೇಲೇ ಪರೀಕ್ಷಿಸುತ್ತಾರೆ. ಕೊರೆಯುವಾಗ ಪುಡಿಯಾಗದೆ ಉಳಿದ ಕಲ್ಲಿನ ಕಥೆಯೇ ಅಲ್ವಾ ಇದು? (ಎಂಡಿಎ-ಎಂಬಿ-435 ಅಂತ ಒಂದು ಕೋಶವಂಶ ಇದೆ. ಸ್ತನ ಕ್ಯಾನ್ಸರ್‌ನದು ಅಂತ ನಂಬಿ ಅದರ ಮೇಲೆ ನೂರಾರು ಸಂಶೋಧನಾ ಪೇಪರ್ ಬರೆದರು. ಕೊನೆಗೆ ನೋಡಿದರೆ ಅದು ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ನದು!)

ಪ್ರಕಟವಾಗುವ ಪೇಪರ್‌ಗಳೂ ಹೀಗೇ ಉಳಿದು ಬಂದ ತುಂಡುಗಳು ಅಂತ ನನ್ನ ಅನುಮಾನ. 2010ರಿಂದ 2012ರ ನಡುವೆ ಬಂದ, ಬಹಳ ಹೆಸರು ಮಾಡಿದ 53 ಕ್ಯಾನ್ಸರ್ ಪೇಪರ್‌ಗಳಿಂದ 193 ಪ್ರಯೋಗ ಆರಿಸಿ, ಮತ್ತೆ ಮಾಡಿ ನೋಡಲು ಒಂದು ತಂಡ ಹೊರಟಿತು. 2021ರಲ್ಲಿ ಫಲಿತಾಂಶ ಬಂತು. ಮುಗಿಸಲು ಆದದ್ದು 50 ಮಾತ್ರ. ಮೂಲದಲ್ಲಿ ಕಂಡ ಪರಿಣಾಮ ಮರುಪ್ರಯೋಗದಲ್ಲಿ ಸಾಮಾನ್ಯವಾಗಿ ಶೇ. 85ರಷ್ಟು ಕುಗ್ಗಿತ್ತು. ನನಗೆ ಅದಕ್ಕಿಂತ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಆ 193ರಲ್ಲಿ ಒಂದನ್ನೂ ಬರೀ ಪೇಪರ್ ಓದಿ ಮತ್ತೆ ಮಾಡುವ ಹಾಗಿರಲಿಲ್ಲ. ಬರೆದವರನ್ನೇ ಕೇಳಬೇಕಿತ್ತು. ಕೇಳಿದರೆ ಮೂರರಲ್ಲಿ ಒಂದು ಪಾಲಿಗೆ ಸಹಾಯ ಸಿಗಲಿಲ್ಲ, ಇಲ್ಲವೇ ಉತ್ತರವೇ ಬರಲಿಲ್ಲ. ಅಡುಗೆ ಬಡಿಸಿ, ಹೇಗೆ ಮಾಡಿದಿರಿ ಅಂದರೆ ಬಾಗಿಲು ಹಾಕಿಕೊಂಡ ಹಾಗೆ.

ಬೆಳಕಿನ ಜೊತೆ ಕೆಲಸ ಮಾಡುವವರನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಗುರುತ್ವದ ಅಲೆಗಳನ್ನು ಹುಡುಕುವ ಅಮೆರಿಕದ ಲೈಗೋ ವೀಕ್ಷಣಾಲಯದಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಕೊಳವೆಗಳಲ್ಲಿ ಲೇಸರ್ ಓಡಿಸಿ, ಪ್ರೋಟಾನ್‌ಗಿಂತ ಎಷ್ಟೋ ಚಿಕ್ಕದಾದ ಅಲುಗಾಟವನ್ನು ಹುಡುಕುತ್ತಾರೆ. 2010ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಒಂದು ಸಂಕೇತ ಕಂಡಿತು. ಅದು ನಿಜದ್ದೋ, ತಂಡವನ್ನು ಪರೀಕ್ಷಿಸಲು ತಮ್ಮವರೇ ಗುಟ್ಟಾಗಿ ಸೇರಿಸಿದ್ದೋ ಅಂತ ನಾಲ್ಕೈದು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ತಿಂಗಳುಗಟ್ಟಲೆ ಲೆಕ್ಕ ಹಾಕಿದರು, ಪೇಪರ್ ಕೂಡ ಬರೆದಿಟ್ಟರು. 2011ರ ಮಾರ್ಚ್‌ನಲ್ಲಿ ಗುಟ್ಟು ಬಿಚ್ಚಿದರೆ, ಸುಳ್ಳು ಸಂಕೇತ! ಬರೆದ ಪೇಪರ್ ಹಾಗೇ ಉಳಿಯಿತು. 2015ರ ಸೆಪ್ಟೆಂಬರ್ 14ರಂದು ನಿಜವಾದದ್ದು ಬಂದಾಗಲೂ ಅವರು ಮೊದಲು ಕೇಳಿಕೊಂಡದ್ದು, "ಇದನ್ನೂ ನಾವೇ ಹಾಕಿದ್ದಾ?" ಅಂತ.

ಲೇಸರ್‌ಗೂ ಇಲಿಗೂ ಹೋಲಿಕೆ ಸರಿಯಲ್ಲ ಅನ್ನುತ್ತೀರಿ, ಒಪ್ಪುತ್ತೇನೆ. ಜೀವ ಇರುವ ವಸ್ತು ಇವತ್ತಿದ್ದ ಹಾಗೆ ನಾಳೆ ಇರಲ್ಲ. ಆದರೆ ಇಲಿಯ ಗಡ್ಡೆಯನ್ನು ಎಷ್ಟೋ ಕಡೆ ಈಗಲೂ ಕೈಯಲ್ಲೇ ಅಳೆಯುತ್ತಾರೆ. ಚರ್ಮದಡಿಯ ಗಂಟನ್ನು ಕ್ಯಾಲಿಪರ್‌ನ ಎರಡು ಹಲ್ಲುಗಳ ನಡುವೆ ಹಿಡಿದು ಉದ್ದ, ಅಗಲ ನೋಡೋದು. ಮೆತ್ತಗಿನ ಗಂಟು ಅದು. ಸ್ವಲ್ಪ ಜಾಸ್ತಿ ಒತ್ತಿದರೆ ಚಿಕ್ಕದಾಗಿ ಕಾಣುತ್ತದೆ. ಯಾವ ಇಲಿಗೆ ಔಷಧಿ ಕೊಟ್ಟಿದ್ದಾರೆ ಅಂತ ಗೊತ್ತಿದ್ದರೆ ಬೆರಳು ತಾನಾಗೇ ಒತ್ತುತ್ತದೆ, ಅದಕ್ಕೆ ಮೋಸದ ಮನಸ್ಸೇ ಬೇಕಿಲ್ಲ. ಗೊತ್ತಿಲ್ಲದವರ ಕೈಗೆ ಕ್ಯಾಲಿಪರ್ ಕೊಡಲು ದೊಡ್ಡ ಖರ್ಚೂ ಇಲ್ಲ.

ಹಾಗಾಗಿ ಈಗ ಅಂಥ ಸುದ್ದಿ ಬಂದರೆ ಮೂಲ ಪೇಪರ್ ತೆಗೆದು, ಅಳೆದವರಿಗೆ ಯಾವ ಇಲಿ ಯಾವ ಗುಂಪಿನದು ಅಂತ ಗೊತ್ತಿತ್ತಾ ಅನ್ನುವ ಒಂದು ಸಾಲು ಹುಡುಕುತ್ತೇನೆ. ಎಷ್ಟೋ ಸಲ ಆ ಸಾಲೇ ಇರುವುದಿಲ್ಲ.